ಕಿರುಚದ ಬೆಸ್ಸಿಯ ಪರವಾಗಿ ಭೂತದರ್ಶನ ಕಂಪನಿಗೆ ಒಂದು ಮನವಿ

ಮಾನ್ಯ ವ್ಯವಸ್ಥಾಪಕರಾದ ಶ್ರೀ ಟ್ರೆವರ್ ಹ್ಯಾಸ್ಕಿನ್ ಅವರೇ,

ತಮಗೂ, ತಮ್ಮ ಕಂಪನಿಗೂ, ತಮ್ಮಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವ ಸಮಸ್ತ ಭೂತಗಳಿಗೂ, ತಾವೀಗ ಟಿಕೆಟ್ಟಿಗೆ ಭೂತ ತೋರಿಸುವ ಅದೇ ಹಳೇ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಒಗೆದು ನಿವೃತ್ತಳಾದ ಲೋರ್ನಾ ಟೀಸ್‌ಡೇಲ್‌ಳ ಗೌರವಪೂರ್ವಕ ನಮಸ್ಕಾರಗಳು. ಬದುಕಿದ್ದವರನ್ನು ಸತ್ತವರ ಲೆಕ್ಕಕ್ಕೆ ಸೇರಿಸುವ ಕಲೆ ನಮ್ಮ ಕೌಂಟಿ ಆಡಳಿತಕ್ಕೆ ಮೊದಲಿನಿಂದಲೂ ಕರಗತವಾಗಿತ್ತು. ಸತ್ತವರನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚಿದ ಕೀರ್ತಿ ಮಾತ್ರ ತಮ್ಮದೇ.

ಕಳೆದ ತಿಂಗಳು ನನ್ನ ಸೊಸೆ ಹುಟ್ಟುಹಬ್ಬದ ಉಡುಗೊರೆಯಾಗಿ, ಭಾನುವಾರ ಮಧ್ಯಾಹ್ನ ಮೂರು ಗಂಟೆಯ ತಮ್ಮ ‘ಕುಟುಂಬ ಸಮೇತ ಭೂತದರ್ಶನ’ಕ್ಕೆ ಒಂದು ಟಿಕೆಟ್ ತೆಗೆದುಕೊಟ್ಟಳು. ಗೈಡ್ ಶ್ರೀ ಡ್ವೇನ್ ಓಲ್ಟ್‌ಮನ್ ಅವರು, ಇನ್ಶೂರೆನ್ಸ್ ಕಚೇರಿಯಿಂದ ನಿವೃತ್ತರಾದವರು, ಕೆಂಪು ಬಣ್ಣ ಎರಚಿದ ಡಾಕ್ಟರ್ ಕೋಟು ತೊಟ್ಟು ನಮ್ಮನ್ನು ಬಾಗಿಲಲ್ಲಿ ಬರಮಾಡಿಕೊಂಡು ಕಟ್ಟಡದ ಚರಿತ್ರೆಯನ್ನು ಒಪ್ಪಿಸಿದರು: ಮೊದಲು ಬಡವರ ಮನೆ, ಆಮೇಲೆ ಹುಚ್ಚಾಸ್ಪತ್ರೆ, ಆಮೇಲೆ ಕೌಂಟಿ ಆಸ್ಪತ್ರೆ. ಇದರಲ್ಲಿ ತಪ್ಪೇನೂ ಇಲ್ಲ. ಕೌಂಟಿಯವರು ಮೂರು ಸಲ ಬೋರ್ಡು ಬದಲಿಸಿದ್ದು ನಿಜ. ಮೂರು ಬೋರ್ಡಿನ ಕೆಳಗೂ ಮಹಡಿಯ ಮೆಟ್ಟಿಲ ಮೇಲಿನ ಸೂರು ಒಂದೇ ಜಾಗದಲ್ಲಿ ಸೋರುತ್ತಿತ್ತು, ಅದಕ್ಕೆ ಒಡ್ಡುತ್ತಿದ್ದ ಬಕೆಟ್ಟೂ ಒಂದೇ ಎಂಬುದನ್ನಷ್ಟೇ ಅವರು ಸೇರಿಸಬಹುದಿತ್ತು. ಬಡವ, ಹುಚ್ಚ, ರೋಗಿ ಮೂವರಿಗೂ ಸೂಪು ಒಂದೇ ಹಂಡೆಯದು. ಗುಣವಾಗದೆ ಉಳಿದದ್ದು ಆ ಸೂಪು ಮಾತ್ರ.

ಆಮೇಲೆ ಅವರು ನಮ್ಮನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದು, ದನಿ ತಗ್ಗಿಸಿ, ‘ಇಲ್ಲೇ ನೋಡಿ, ಕಿರುಚುವ ಬೆಸ್ಸಿ ತನ್ನೆರಡು ಮಕ್ಕಳನ್ನ ಈ ತೊಟ್ಟಿಯಲ್ಲಿ ಮುಳುಗಿಸಿ ಕೊಂದಿದ್ದು’ ಎಂದರು. ಬಾಯ್ಲರಿನ ಹಿಂದಿನಿಂದ, ತಾವು ಅಳವಡಿಸಿದ ಯಂತ್ರದಿಂದ, ‘ನನ್ನ ಮಕ್ಕಳನ್ನು ಕೊಡಿ’ ಎಂದು ಹೆಂಗಸೊಬ್ಬಳು ಅಚ್ಚ ಇಂಗ್ಲಿಷಿನಲ್ಲಿ ಕಿರುಚಿದಳು. ನಾನು ಊರುಗೋಲು ಎತ್ತಿ, ‘ಬೆಸ್ಸಿಗೆ ಇಂಗ್ಲಿಷ್ ಯಾರು ಕಲಿಸಿದ್ರು?’ ಎಂದು ಕೇಳಿದೆ.

‘ಭೂತ ಯಾವ ಭಾಷೇಲಿ ಕಿರುಚಿದ್ರೇನಮ್ಮ,’ ಎಂದರು ಡ್ವೇನ್, ‘ಹೆದ್ರಿಕೆ ಆದ್ರೆ ಸಾಕು.’

ಮಾನ್ಯರೇ, ಈ ತತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಾಷೆಯ ವಿಷಯವನ್ನು ಆ ಹೆಂಗಸಿನ ಮಟ್ಟಿಗಾದರೂ ಇಷ್ಟು ಹಗುರಾಗಿ ತಳ್ಳಿಹಾಕುವಂತಿಲ್ಲವೆಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಬೆಸ್ಸಿ ಎನ್ನುವವಳ ನಿಜವಾದ ಹೆಸರು ಬೊಝೆನಾ ಕುದರ್ನಾ. ಗಂಡ ಕಲ್ಲುಗಣಿಯಲ್ಲಿ ಸತ್ತ ಮೇಲೆ 1932ರ ಚಳಿಗಾಲದಲ್ಲಿ, ಆರು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕಟ್ಟಿಕೊಂಡು ಬಡವರ ಮನೆಗೆ ಬಂದವಳು. ಚೆಕ್ ಭಾಷೆ ಬಿಟ್ಟು ಬೇರೆ ಮಾತು ಬಾರದವಳು. ಏಪ್ರಿಲಿನಲ್ಲಿ ಒಂದು ದಿನ ಅವಳು ಬಟ್ಟೆ ಒಗೆಯುತ್ತಿದ್ದಾಗ, ಬಡವರ ಮನೆಯವರು ಮಕ್ಕಳನ್ನು ಎರಡು ಬೇರೆ ಬೇರೆ ರೈತರ ಮನೆಗಳಿಗೆ ಕೊಟ್ಟು ಕಳಿಸಿದರು. ಅವಳಿಗೆ ಹೇಳಲಿಲ್ಲ. ಊಟಕ್ಕೆ ಬಂದಾಗ ಬೆಂಚಿನಲ್ಲಿ ಎರಡು ಜಾಗ ಖಾಲಿ ಇದ್ದವು. ಅವಳು ಮೂರು ದಿನ ಕೂಗಿದಳು. ಕಟ್ಟಡದ ಇತಿಹಾಸದಲ್ಲಿ ಅವಳು ಕೂಗಿದ್ದು ಅಷ್ಟೇ. ನಾಲ್ಕನೆಯ ದಿನ ಗುಮಾಸ್ತರು ‘ಯಾವ ಭಾಷೆಯನ್ನೂ ಆಡುವುದಿಲ್ಲ, ಉಗ್ರ ಸ್ವಭಾವ’ ಎಂದು ಬರೆದರು, ಅವಳನ್ನು ಅಂಗಳ ದಾಟಿಸಿ ಅದೇ ಆವರಣದ ಹುಚ್ಚರ ವಾರ್ಡಿಗೆ ಸೇರಿಸಿದರು. ದಿನಾ ಬೆಳಿಗ್ಗೆ ಹಿತ್ತಿಲ ಬಾಗಿಲಿಗೆ ಬ್ರೆಡ್ ತಂದು ಹಾಕುತ್ತಿದ್ದ ಬೇಕರಿಯ ಹವ್ಲಿಕ್ ಕೂಡ ಚೆಕ್ ಮಾತಾಡುವವನೇ. ಅವನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂಬತ್ತು ವರ್ಷದ ಮೇಲೆ ಅವನೇ ಅವಳ ಗೊಣಗಾಟ ಕೇಳಿಸಿಕೊಂಡು ಒಳಗೆ ಹೋಗಿ, ‘ಆಕೆಗೆ ಹುಚ್ಚಿಲ್ಲ ಡಾಕ್ಟ್ರೇ, ಸೋಪು ಸರಿಯಿಲ್ಲ ಅಂತಿದಾಳೆ ಅಷ್ಟೇ’ ಎಂದನಂತೆ. ಡಾಕ್ಟರು, ಫೈಲು ಆಗಲೇ ಬರೆದಾಗಿದೆಯಲ್ಲ ಎಂದರಂತೆ. ಇಂಥ ಶಿಸ್ತು ಈಗ ಎಲ್ಲಿ ಸಿಗುತ್ತದೆ?

ನಾನು 1959ರಲ್ಲಿ ಕೆಲಸಕ್ಕೆ ಸೇರಿದಾಗ ಬೊಝೆನಾ ಕಾಗದದ ಮೇಲೆ ರೋಗಿ, ನಿಜದಲ್ಲಿ ಆ ಕೋಣೆಯ ಯಜಮಾನಿ. ಹಾಸುಬಟ್ಟೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ‘ಎಳಿ ಹುಡುಗಿ, ಗಟ್ಟಿ ಎಳಿ, ಹಸು ಹಾಲು ಕರೆಯೋದಲ್ಲ ಇದು’ ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಗದರುತ್ತಿದ್ದಳು. ಭಾನುವಾರ ಮಾತ್ರ ಯಾರು ಹೇಳಿದರೂ ಬಟ್ಟೆ ಮುಟ್ಟುತ್ತಿರಲಿಲ್ಲ. ಎರಡು ವರ್ಷ ನನ್ನನ್ನು ಅಳೆದು ನೋಡಿದ ಮೇಲೆ, ಮಕ್ಕಳ ವಿಳಾಸ ಕೇಳಿ ಒಂದು ಕಾಗದ ಬರೆದುಕೊಡು ಎಂದಳು. ಬರೆದು ಮೇಟ್ರನ್ ಹತ್ತಿರ ಒಯ್ದೆ. ಮೇಟ್ರನ್ ಓದಿ, ‘ಇದು ಬಡವರ ಮನೆ ವಿಷ್ಯ. ಇದು ಆಸ್ಪತ್ರೆ. ಬಡವರ ಮನೆ ಮುಚ್ಚಿಹೋಯ್ತು. ನಿನ್ನ ಕೆಲ್ಸ ನೋಡ್ಕೋ, ಕೆಲ್ಸ ಬೇಕು ಅಂತಿದ್ರೆ’ ಎಂದರು, ಅದೇ ಸೋರುವ ಸೂರಿನ ಕೆಳಗೆ ನಿಂತುಕೊಂಡು.

ನನಗೆ ಕೆಲಸ ಬೇಕಿತ್ತು. ಕೋಣೆಗೆ ವಾಪಸು ಬಂದು, ಕಾಗದ ಹೋಗಿದೆ, ಉತ್ತರ ಬರುತ್ತದೆ ಎಂದೆ. ಆಮೇಲೆ ಪ್ರತಿ ಸೋಮವಾರ ಅವಳು ‘ಬಂತಾ?’ ಎನ್ನುವುದು, ನಾನು ‘ಇನ್ನೂ ಇಲ್ಲ’ ಎನ್ನುವುದು, ಹೀಗೆ ಹದಿನಾಲ್ಕು ವರ್ಷ ನಡೆಯಿತು. 1975ರಲ್ಲಿ, ಸಾಯುವ ಕೆಲವು ವಾರ ಮುಂಚೆ, ಕೇಳುವುದನ್ನು ನಿಲ್ಲಿಸಿದಳು. ‘ನೀನು ಒಳ್ಳೇ ಹುಡುಗಿ,’ ಎಂದಳು, ‘ಸುಳ್ಳು ಹೇಳೋಕೆ ಮಾತ್ರ ನಿನಗೆ ಬರಲ್ಲ.’ ತಮ್ಮ ಪ್ರವಾಸದಲ್ಲಿ ಒಬ್ಬ ಖಳನಾಯಕಿ ಬೇಕೇಬೇಕೆಂದರೆ, ಮಾನ್ಯರೇ, ನನ್ನ ಹೆಸರನ್ನು ಪರಿಶೀಲಿಸಬಹುದು.

ಇಷ್ಟನ್ನೂ ಅಂದು ಆ ತೊಟ್ಟಿಯ ಪಕ್ಕ ನಿಂತು ಹೇಳಿದೆ. ಗುಂಪಿನಲ್ಲಿದ್ದ ಒಬ್ಬ ತಾಯಿ, ‘ಮಕ್ಕಳು ಆಮೇಲೆ ಸಿಕ್ಕಿದ್ರಾ?’ ಎಂದಳು. ಇಲ್ಲ ಎಂದೆ. ಇನ್ನೊಬ್ಬ ಮಹನೀಯರು, ರಕ್ತದ ಕಲೆ ಯಾವ ಕಡೆ ಇದೆ ಎಂದು ವಿಚಾರಿಸಿದರು. ಡ್ವೇನ್ ನನ್ನ ಕಿವಿಯ ಹತ್ತಿರ ಬಂದು, ‘ಇನ್ನೂ ನಾಲ್ಕು ಕೋಣೆ ಇದೆಯಮ್ಮ, ನಾಲ್ಕೂವರೆಗೆ ಇನ್ನೊಂದು ಗುಂಪು ಬರುತ್ತೆ’ ಎಂದು ಬೇಡಿಕೊಂಡರು. ಪಾಪದ ಮನುಷ್ಯ. ಅವರ ಮೇಲೆ ಯಾವ ಕ್ರಮವನ್ನೂ ಜರುಗಿಸಬಾರದಾಗಿ ಕೋರುತ್ತೇನೆ.

ಡ್ವೇನ್ ಅವರೇ ತಮಗೆ ತಿಳಿಸಿರಬೇಕು, ಎರಡು ವಾರದ ಮೇಲೆ ತಮ್ಮ ಕೃಪಾಪತ್ರ ಬಂತು. ನನ್ನ ಕಥೆಯಲ್ಲಿ ‘ಒಳ್ಳೆಯ ಭಾವನೆ’ ಇದೆಯೆಂದೂ, ಮುಕ್ತಾಯ ಮಾತ್ರ ಸಪ್ಪೆಯೆಂದೂ, ಏಪ್ರನ್ ಕಟ್ಟಿಕೊಂಡು ವಾರಕ್ಕೆರಡು ದಿನ ಬಂದು ಹೇಳಿದರೆ, ‘ಮಕ್ಕಳು ಸಿಗಲೇ ಇಲ್ಲ’ ಎನ್ನುವ ಕ್ಷಣಕ್ಕೆ ಸರಿಯಾಗಿ ಯಂತ್ರದಿಂದ ಕಿರುಚಾಟವನ್ನು ಹೊರಡಿಸಲಾಗುವುದೆಂದೂ ತಾವು ತಿಳಿಸಿದ್ದೀರಿ. ಅತ್ಯಂತ ಆಭಾರಿ. ಕೆಲವು ಸಣ್ಣ ಷರತ್ತುಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ: ಭೂತವು ಇನ್ನು ಮುಂದೆ ಚೆಕ್ ಭಾಷೆಯಲ್ಲೇ ಕಿರುಚತಕ್ಕದ್ದು, ಕೇಳಿಸಿಕೊಳ್ಳುವವರು ಆ ಭಾಷೆ ಕಲಿತ ನಂತರವೇ ಹೆದರತಕ್ಕದ್ದು, ಬದುಕಿದ್ದಾಗ ಭಾನುವಾರ ದುಡಿಯದವಳನ್ನು ಸತ್ತ ಮೇಲೂ ಅಂದು ದುಡಿಸಕೂಡದು, ಅವಳು ಯಾವ ಭಾಷೆಯನ್ನೂ ಆಡುವುದಿಲ್ಲವೆಂದು ಬರೆದ ಗುಮಾಸ್ತರ ಭೂತವನ್ನೂ ಹುಡುಕಿ ತಂದು, ಅದೇ ಕೋಣೆಯಲ್ಲಿ ಅವಳ ಕೈಕೆಳಗೆ ಹಾಸುಬಟ್ಟೆ ಹಿಂಡಲು ನೇಮಿಸತಕ್ಕದ್ದು.

ಇನ್ನೊಂದು ವಿಷಯ. ತಮ್ಮ ಮಹಡಿಯ ಕಾರಿಡಾರಿನ ಗೋಡೆಗಳಿಗೆ, ನೋಡುವವರಿಗೆ ನಡುಕ ಬರಲೆಂದು, ಹಳದಿಗಟ್ಟಿದ ಕಾಗದಗಳನ್ನು ಅಂಟಿಸಿದ್ದೀರಿ. ಅವು ಅಟ್ಟದ ಮೇಲೆ ಸಿಕ್ಕ ಹಳೇ ಕಸ ಎಂದರು ಡ್ವೇನ್. ಒಂದು ಹಾಳೆಯ ಮುಂದೆ, ಅದನ್ನು ತಲೆಕೆಳಗಾಗಿ ಅಂಟಿಸಿದ್ದರಿಂದ ಕತ್ತು ಓರೆ ಮಾಡಿಕೊಂಡು, ನಾನು ಬಹಳ ಹೊತ್ತು ನಿಂತೆ. ಅದು ಮಕ್ಕಳನ್ನು ಕೊಟ್ಟ ದಾಖಲೆ ಪುಸ್ತಕದ ಹಾಳೆ. ಹುಡುಗನ ಸಾಲಿನ ಮೇಲೆ ತಮ್ಮ ಕಲಾವಿದರು ಕೆಂಪು ಅಂಗೈ ಒತ್ತಿದ್ದಾರೆ. ಅದರ ಮೇಲಿನ ಸಾಲು ಸ್ಪಷ್ಟವಾಗಿದೆ: ವ್ಲಾಸ್ತಾ ಕುದರ್ನಾ, ಆರು ವರ್ಷ, ಪಕ್ಕದಲ್ಲಿ ಒಯ್ದವರ ಹೆಸರು, ಊರು. ಆ ಹಾಳೆಯನ್ನು ಕೊಡಿಸಿರೆಂದು ನಾನು ತಮ್ಮ ಕಚೇರಿಯಲ್ಲಿ ಕೇಳಿದೆ. ಅಲಂಕಾರದ ಸಾಮಾನು ಕೊಡುವುದಿಲ್ಲ, ಬೇಕಿದ್ದರೆ ಅಂಗಡಿಯಲ್ಲಿ ಅದರ ಚಿತ್ರವಿರುವ ಕಾಫಿ ಲೋಟ ಸಿಗುತ್ತದೆ ಎಂದರು.

ಆ ಊರು ಇಲ್ಲಿಂದ ಹದಿನಾಲ್ಕು ಮೈಲಿ. ಮೊನ್ನೆ ಮಂಗಳವಾರ ಸೊಸೆ ಕಾರಿನಲ್ಲಿ ಕರೆದುಕೊಂಡು ಹೋದಳು. ಒಯ್ದವರ ಮೊಮ್ಮಗ ದಾರಿ ತೋರಿಸಿದ. ಚರ್ಚಿನ ಹಿಂದಿನ ಬಿಳಿ ಮನೆಯ ಬಾಗಿಲನ್ನು ಎಂಬತ್ತೆರಡು ವರ್ಷದ ಹೆಂಗಸೊಬ್ಬಳು ತೆಗೆದಳು. ಬೊಝೆನಾಳದೇ ಮುಖ; ನೋಡಿದ ಕೂಡಲೇ ನಾನು ಹೇಳಬೇಕೆಂದುಕೊಂಡು ಬಂದ ಮಾತೆಲ್ಲ ಮರೆತೆ. ತಾಯಿ 1932ರಲ್ಲೇ ಸತ್ತಳೆಂದು ಅವಳಿಗೆ ಹೇಳಿದ್ದರು. ಕಾಗದದ ಸಂಗತಿಯನ್ನೂ, ಹದಿನಾಲ್ಕು ವರ್ಷದ ನನ್ನ ಸುಳ್ಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ವ್ಲಾಸ್ತಾ ನನ್ನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದಳು.

‘ಪೇಟೆಗೆ ಹೋಗುವಾಗ ಆ ಕಟ್ಟಡದ ಮುಂದೇನೇ ಹೋಗ್ತಿದ್ವಿ,’ ಎಂದಳು. ‘ಹಟ ಮಾಡಿದ್ರೆ ಅಲ್ಲಿ ಬಿಟ್ಟು ಬರ್ತೀವಿ ಅಂತ ಹೆದರಿಸ್ತಿದ್ರು. ನಾನು ಯಾವತ್ತೂ ಹಟ ಮಾಡ್ಲಿಲ್ಲ ನೋಡು.’

ಆಮೇಲೆ ತಮ್ಮನ ವಿಷಯ ಹೇಳಿದಳು. ಅವನು ಎಲ್ಲಿ ಹೋದನೆಂದು ಅವಳಿಗೂ ತಿಳಿದಿಲ್ಲ. ಆದ್ದರಿಂದ, ಮಾನ್ಯರೇ, ಆ ಕೆಂಪು ಅಂಗೈಯನ್ನು ಎಚ್ಚರಿಕೆಯಿಂದ ಒರೆಸಿ, ಅದರ ಕೆಳಗೆ ಏನು ಬರೆದಿದೆಯೆಂದು ಓದಿ ಹೇಳಬೇಕೆಂಬುದೇ ನನ್ನ ಈ ಪತ್ರದ ಏಕೈಕ ನಿಜವಾದ ಬೇಡಿಕೆ. ಉಳಿದದ್ದನ್ನು ತಾವು ವಿನೋದವೆಂದು ಭಾವಿಸಬಹುದು.

ಬರುವ ಭಾನುವಾರ ಮೂರು ಗಂಟೆಗೆ ವ್ಲಾಸ್ತಾ ನನ್ನ ಜೊತೆ ಬರುತ್ತಾಳೆ. ಟಿಕೆಟ್ ಆಗಲೇ ತೆಗೆದಿದ್ದೇವೆ. ಐದು ವರ್ಷದಿಂದ ತಾವು ವಾರವಾರವೂ ಮುಳುಗಿಸಿ ಕೊಲ್ಲುತ್ತಿರುವ ಹುಡುಗಿ ಅವಳೇ ಎಂಬುದನ್ನು ಡ್ವೇನ್ ಅವರಿಗೆ ಮುಂಚಿತವಾಗಿ ತಿಳಿಸುವ ಕೃಪೆ ಮಾಡಬೇಕು.

ತಡವಾಗಿಯಾದರೂ ತಮ್ಮ ವಿಶ್ವಾಸಿ,
ಲೋರ್ನಾ ಟೀಸ್‌ಡೇಲ್
ಮಾರ್ಲೋ, ಅಯೋವಾ, ಅಕ್ಟೋಬರ್ 2008

ಮರೆತ ಮಾತು: ದುರ್ಬಲ ಹೃದಯದವರಿಗೆ ಪ್ರವೇಶವಿಲ್ಲವೆಂದು ಟಿಕೆಟ್ಟಿನ ಹಿಂದೆ ಅಚ್ಚು ಹಾಕಿಸಿದ್ದೀರಿ. ವ್ಲಾಸ್ತಾಳ ಹೃದಯವನ್ನು ಡಾಕ್ಟರು ಪರೀಕ್ಷಿಸಿ, ಇನ್ನೂ ಹತ್ತು ವರ್ಷಕ್ಕೆ ಚಿಂತೆಯಿಲ್ಲ ಎಂದಿದ್ದಾರೆ. ತಾವೂ ಒಮ್ಮೆ ತೋರಿಸಿಕೊಂಡು ಬಂದರೆ ಒಳಿತು. ಆ ಹಾಳೆಯನ್ನು ಅವಳ ಕೈಗೆ ತಾವೇ ಖುದ್ದಾಗಿ ಕೊಡುತ್ತೀರೆಂದು ಹೇಳಿಬಿಟ್ಟಿದ್ದೇನೆ.