ಮಾವನ ಭೇಷು ಮತ್ತು ಏಳನೇ ಟೇಕು

ಸಂಗೀತ ಕೆಡಿಸಲು ಅಪಸ್ವರವೇ ಬೇಕೆಂದು ಯಾರು ಹೇಳಿದರು? ನನ್ನ ಸೋದರಮಾವ ಬರೀ ಮೆಚ್ಚಿಕೊಂಡೇ ಕೆಡಿಸುತ್ತಿದ್ದರು! ಒಳ್ಳೆಯದೇನು ಕಂಡರೂ ಅವರ ಬಾಯಿಂದ ‘ಭೇಷ್’ ಬೀಳಲೇಬೇಕು. ಡ್ರೈವರ್ ಒಂದೇ ಸಲಕ್ಕೆ ಬಸ್ಸನ್ನು ರಿವರ್ಸ್ ತೆಗೆದರೆ ಭೇಷ್. ಕಾವಲಿಯಿಂದ ದೋಸೆ ಹರಿಯದೆ ಎದ್ದರೆ ಭೇಷ್. ಕಚೇರಿಗೆ ಹೋದರಂತೂ ಮುಂದಿನ ಸಾಲಿನವರೆಲ್ಲ ತಿರುಗಿ ನೋಡುವಂಥ ಭೇಷ್! ಇಷ್ಟು ಧಾರಾಳಿ, ಹತ್ತನೇ ವಯಸ್ಸಿನಿಂದ ತಮ್ಮಲ್ಲೇ ಪಿಟೀಲು ಕಲಿತ ನನಗೆ ಮಾತ್ರ ಒಂದು ಸಲವೂ ಹಾಗೆ ಅಂದಿರಲಿಲ್ಲ. “ಪರವಾಗಿಲ್ಲ, ಮಡಗು.” ಅಷ್ಟೇ.

ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಮಾವನಿಗೆ ಬರೋಕ್ ಹಿಡಿಯಿತು. ಅದು ಕಾಯಿಲೆಯಲ್ಲ, ಯುರೋಪಿನಲ್ಲಿ ಮುನ್ನೂರು ವರ್ಷದ ಹಿಂದೆ ನಾಲ್ಕಾರು ಜನ ಒಂದು ಕೋಣೆಯಲ್ಲಿ ಕೂತು ನುಡಿಸುತ್ತಿದ್ದ ಸಂಗೀತ. ಫೋನಿನಲ್ಲಿ ಕೇಳಿದ್ದೇ ತಡ, ಚೆಲ್ಲೋ ತಂದುಬಿಟ್ಟರು. ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ, ಎದೆಯೆತ್ತರದ ಪಿಟೀಲು. ಅದನ್ನು ಅಪ್ಪಿಕೊಂಡು ಗುಬ್ಬಿಯಲ್ಲಿ ತುಮಕೂರಿನ ಬಸ್ಸು ಹತ್ತಿದರು.

“ಏನ್ ಸಾರ್, ಪಿಟೀಲು ಬಸುರಿ ಆಗೈತಾ?” ಎಂದ ಕಂಡಕ್ಟರ್.

“ಬಸುರಿ ಅಲ್ಲ ಕಣಯ್ಯ, ಮುನ್ನೂರ್ ವರ್ಷದ ಅಜ್ಜಿ. ಹಿರಿಯ ನಾಗರಿಕರ ಸೀಟ್ ಬುಡ್ಸು!”

ಅವನು ಬಿಡಿಸಿಯೂ ಬಿಡಿಸಿದ. ಅಜ್ಜಿ ಕೂತು ಬಂದಳು, ಮಾವ ನಿಂತು ಬಂದರು.

ತುಮಕೂರಿನ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಟೀಚರಮ್ಮ, ಕುಣಿಗಲ್ಲಿನ ಗಣಿತದ ಮೇಷ್ಟ್ರದೊಂದು ಪಿಟೀಲು, ನನ್ನದೊಂದು, ಜೊತೆಗೆ ಮಾವನ ಚೆಲ್ಲೋ. ಹೀಗೆ ನಾಲ್ವರ ತಂಡವಾಯಿತು. ಮೂರು ವರ್ಷ ಅಭ್ಯಾಸವೂ ಆಯಿತು. ಅಷ್ಟರಲ್ಲಿ ಮಾವನ ಗಂಟಲಲ್ಲಿ ಗೆಡ್ಡೆಯಿದೆ ಎಂದು ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಆಮೇಲೆ ದನಿ ಉಳಿಯುವುದು ಅನುಮಾನ ಎಂದರು.

“ಆಸ್ಪತ್ರೆ ಸೇರೋದ್ರೊಳಗೆ ನಮ್ಮದೊಂದು ರೆಕಾರ್ಡಿಂಗ್ ಆಗ್ಬೇಕು. ಫಾರಿನ್ನೋರ್ದು ಇದ್ದಂಗಿರ್ಬೇಕು. ಒಂದ್ ಕೆಮ್ಮೂ ಕೇಳ್ಬಾರ್ದು!” ಇದು ಮಾವನದೇ ಕಟ್ಟಪ್ಪಣೆ.

ಜಾಗ ಹುಡುಕಿದ್ದೂ ಅವರೇ. ಚೇಳೂರಿನ ಹತ್ತಿರ ನೆಂಟರ ಕೊಬ್ಬರಿ ಮನೆ. ಮೇಲೆ ಅಟ್ಟದ ತುಂಬ ಒಣಗಲು ಹಾಕಿದ ತೆಂಗಿನಕಾಯಿ. ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. “ಇಷ್ಟೊಂದ್ ಜನ ಅಲ್ಲಾಡ್ದೆ ಕೇಳೋ ಸಭೆ ಎಲ್ ಸಿಗುತ್ತೆ ಹೇಳು?” ಎಂದು ಕಾಯಿಗಳಿಗೆ ಕೈಮುಗಿದರು.

ಚುರುಕಿನ ಭಾಗಗಳು ಸುಲಭವಾಗಿ ಮುಗಿದವು. ಫಜೀತಿ ಶುರುವಾದದ್ದು ನಿಧಾನದ ಭಾಗದಲ್ಲಿ. ಟೀಚರಮ್ಮ ನುಡಿಸಿದ ಸ್ವರ ಇನ್ನೂ ತೇಲುತ್ತಿತ್ತು, ಮಾವ “ಭೇಷ್!” ಎಂದರು. ಎರಡನೇ ಟೇಕಿನಲ್ಲಿ ಮೇಷ್ಟ್ರಿಗೆ ಭೇಷ್. ಮೂರನೆಯದಕ್ಕೆ ಬಾಯಿ ತುಂಬ ಕೊಬ್ಬರಿ ಚೂರು ತುರುಕಿದೆವು, “ಭೇಫ್!” ಎಂದು ಬಂತು. ನಾಲ್ಕಕ್ಕೆ ಬಾಯಿಗೆ ಟವೆಲ್ ಕಟ್ಟಿದೆವು. ಟವೆಲ್ಲೇ ಭೇಷ್ ಎಂದಿತು! ಐದೂ ಹೋಯಿತು.

ಮದುವೆ ವಿಡಿಯೋ ತೆಗೆದು ಪಳಗಿದ್ದ ರೆಕಾರ್ಡಿಂಗಿನವರು ತಲೆಯ ಮೇಲೆ ಕೈ ಹೊತ್ತರು. “ಯಜಮಾನ್ರೇ, ಎಲ್ಲಾ ಕಡೆ ತಪ್ಪಾಯ್ತು ಅಂತ ಮತ್ತೆ ತೆಗೀತಾರೆ. ನಿಮ್ಮಲ್ಲಿ ಚೆನ್ನಾಗ್ ಬಂತು ಅಂತ ತೆಗೀಬೇಕಾ?”

ಆರನೆಯದು. ಕೊನೆಯಲ್ಲಿ ನನ್ನ ಪಿಟೀಲಿಗೆ ಮಾತ್ರ ನಾಲ್ಕು ಸ್ವರಗಳಿವೆ. ಅವನ್ನು ನುಡಿಸಿ ಕಮಾನು ಎತ್ತುವ ಮುಂಚೆಯೇ ಬಂತು: “ಭೇಷ್!”

ನಾನು ದಂಗಾದೆ. “ಯಾರಿಗ್ ಹೇಳಿದ್ದು ಮಾವ?”

“ಅಟ್ಟದ್ ಮೇಲಿರೋ ಕಾಯಿಗೆ,” ಎಂದರು, ಚೆಲ್ಲೋದ ಬಿರಡೆ ತಿರುವುತ್ತಾ.

ಏಳನೇ ಟೇಕು ಮುಗಿಯಿತು. ಮೌನ. ಮೂರು ಉಸಿರು ಕಳೆದರೂ ಮೌನ! ಮೇಷ್ಟ್ರು ಕುಣಿಯುವುದೊಂದು ಬಾಕಿ.

“ಹೆಂಗ್ ತಡ್ಕೊಂಡ್ರಿ ಮಾವ?” ಎಂದೆ.

“ತಡ್ಕೊಳ್ಳೋದೇನ್ ಬಂತು? ಚೆನ್ನಾಗ್ ಬರ್ಲಿಲ್ಲ ಕಣೇ, ಸುಮ್ನಾದೆ!”

ಇನ್ನೊಮ್ಮೆ ನುಡಿಸಲು ಅವರಲ್ಲಿ ಶಕ್ತಿಯಿರಲಿಲ್ಲ. ಹೊರಡುವಾಗ ಹೇಳಿದರು: “ಏಳ್ನೇದೇ ಹಾಕ್ರಿ. ಅದ್ರಲ್ಲಿ ನನ್ ಗಲಾಟೆ ಇಲ್ಲ.”

ಮಾವ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಆಮೇಲೆ ಮೂರು ತಿಂಗಳು ನಾನು ಪಿಟೀಲಿನ ಪೆಟ್ಟಿಗೆ ತೆರೆಯಲಿಲ್ಲ. ಯಾವ ಟೇಕು ಇಡೋಣ ಎಂದು ಟೀಚರಮ್ಮ ಫೋನ್ ಮಾಡಿದಾಗ “ನೀವೇ ನೋಡಿ” ಎಂದೆ. ಮಾವ ಏಳು ಎಂದು ಹೇಳಿ ಹೋಗಿದ್ದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆರನ್ನು ಅಳಿಸಿಬಿಟ್ಟರೆ ಏನು ಗತಿ ಎಂದು ನಿದ್ದೆಯೂ ಬರಲಿಲ್ಲ.

ನೆನ್ನೆ ಬೆಳಿಗ್ಗೆ ಫೋನಿಗೆ ರೆಕಾರ್ಡಿಂಗ್ ಬಂತು. ಒಲೆ ಆರಿಸಿ, ಅಡುಗೆಮನೆಯಲ್ಲೇ ನಿಂತು ಕೇಳಿದೆ. ನಿಧಾನದ ಭಾಗ ಬಂತು. ನನ್ನ ನಾಲ್ಕು ಸ್ವರಗಳೂ ಬಂದವು. ಕಣ್ಣು ಮುಚ್ಚಿಕೊಂಡೆ.

“ಭೇಷ್!”

ಅಬ್ಬಾ! ಮೂರು ತಿಂಗಳಿಂದ ಎದೆಯ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿದಂತಾಯಿತು. ಕೆಳಗೆ ಟೀಚರಮ್ಮನ ಮೆಸೇಜಿತ್ತು: “ಆರನೇದೇ ಇಟ್ವಿ. ಏಳ್ನೇದು ಚೆನ್ನಾಗಿಲ್ಲ ಅಂತ ಅವ್ರೇ ಹೇಳಿದ್ರಲ್ಲ.”

ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಅದಾದ ಮೇಲೆ ಇನ್ನೊಮ್ಮೆ. ಅಟ್ಟದ ಕಾಯಿಗಂತೆ! ತೆಂಗಿನಕಾಯಿಗೆ ಭೇಷ್ ಅನ್ನುವಾಗ ಯಾರ ದನಿಯಾದರೂ ಹಾಗೆ ನಡುಗುತ್ತದೆಯೇ?