ಚಾರ್ಜು ಕೊಡದೆ ಹೋಗೋ ಹಾಗಿಲ್ಲ

ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಜಾಗದಲ್ಲಿ ನಗು ಬರುವಂಥದ್ದು ದಿನಾ ಒಂದಾದರೂ ನಡೆಯುತ್ತದೆ. ನಗುವುದಕ್ಕೆ ಪುರುಸೊತ್ತಿರುವುದಿಲ್ಲ, ಅಷ್ಟೇ. ಮದ್ದೂರಿನ ಹತ್ತಿರದ ನಮ್ಮ ಆರೈಕೆ ಮನೆಯಲ್ಲಿ ಇಪ್ಪತ್ತೆರಡು ಜನ ಹಿರಿಯರು, ಹಗಲಿಗೆ ನಾನೂ ಸೇರಿ ಇಬ್ಬರೇ ನರ್ಸುಗಳು. ಕೆಲಸ ಬಿಡಬೇಕೆಂದು ನಾನು ವಾರಕ್ಕೊಮ್ಮೆಯಾದರೂ ತೀರ್ಮಾನ ಮಾಡುತ್ತೇನೆ.

೧. ಆಳು ಉಂಡ ಮೇಲೆ

ಕಿರುಗಾವಲಿನ ಕಡೆಯ ಅಜ್ಜಿ ಎರಡು ದಿನದಿಂದ ತಟ್ಟೆ ಮುಟ್ಟಿರಲಿಲ್ಲ. ಗದ್ದೆಯ ಆಳುಗಳು ಉಣ್ಣದೆ ಮನೆಯೊಡತಿ ಉಣ್ಣುವಂತಿಲ್ಲವಂತೆ. ಅವರ ಕಣ್ಣಿಗೆ ಆಳು ನಾನೇ.

"ನೀ ಉಣ್ಣವ್ವ ಮೊದ್ಲು. ನಾಟಿ ಆಕಿ ಆಕಿ ಸೊಂಟ ಬಿದ್ದೋಗದೆ ನಿಂಗೆ" ಅಂದರು.

ನನ್ನ ಸೊಂಟದ ಗತಿ ವಿಚಾರಿಸಿದವರು ಅಲ್ಲಿ ಅವರೊಬ್ಬರೇ. ಪಕ್ಕದಲ್ಲಿ ಕೂತು ಅವರ ತಟ್ಟೆಯಿಂದಲೇ ಒಂದು ತುತ್ತು ಮುದ್ದೆ ನುಂಗಿದೆ. ಅಜ್ಜಿ ಉಳಿದದ್ದನ್ನೆಲ್ಲ ಉಂಡರು. ಮಧ್ಯಾಹ್ನ ಮ್ಯಾನೇಜರ್ ಕರೆದು ಮೆಮೊ ಕೊಟ್ಟರು: ರೋಗಿಯ ಊಟ ತಿಂದಿದ್ದೇಕೆ, ವಿವರಣೆ ಕೊಡಿ.

೨. ನಾಲೆ ನೀರು

ವಿ.ಸಿ. ಫಾರಂನ ಗದ್ದೆಗಳಲ್ಲಿ ಕೂಲಿ ಮಾಡಿದ್ದ ತಾತನಿಗೆ ಮಂಚಗಳ ಸಾಲು ಭತ್ತದ ಮಡಿಯಂತೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಜಗ್ ಹಿಡಿದು ಆರು ಹಾಸಿಗೆಗೆ ನೀರು ಕಟ್ಟಿದರು. ಆರರಲ್ಲೂ ಜನ ಮಲಗಿದ್ದರು. ಒಬ್ಬರ ಬಟ್ಟೆ ಬದಲಿಸುವಷ್ಟರಲ್ಲಿ ಇನ್ನೊಬ್ಬರು ನಡುಗುತ್ತಿದ್ದರು. ಇರುವುದು ಎರಡೇ ಕೈ ಎಂದು ನನಗೆ ಅಳುವೇ ಬಂತು.

"ಇನ್ನೊಬ್ಬ ನರ್ಸ್ ಕೊಡಿ ಸಾರ್" ಎಂದು ಮ್ಯಾನೇಜರನ್ನು ಕೇಳಿದೆ. ಅವರು ಜಗ್ ತೆಗೆಸಿದರು.

ತಾತ ಬರಿಗೈ ನೋಡಿಕೊಂಡು, "ನಾಲೆ ನೀರು ನಿಲ್ಸ್‌ಬುಟ್ರಾ? ನಂಗೊತ್ತಿತ್ತು ಕಣವ್ವ, ನಮ್ಗೆ ಯಾವಾಗ್ಲೂ ಇಂಗೇಯಾ" ಅಂದರು.

೩. ಬದಲಿ

ಹೋದ ತಿಂಗಳು ರಾಜೀನಾಮೆ ಬರೆದೇಬಿಟ್ಟೆ. ಮ್ಯಾನೇಜರ್ ಓದದೆ, "ಆಮೇಲೆ ನೋಡೋಣ" ಎಂದು ವಾಪಸ್ ಕೊಟ್ಟರು. ಮಳವಳ್ಳಿಯಲ್ಲಿ ಸರ್ಕಾರಿ ಗುಮಾಸ್ತರಾಗಿದ್ದ, ನಮ್ಮಲ್ಲಿರುವ ಹಿರಿಯರೊಬ್ಬರು ಅದನ್ನು ನನ್ನ ಕೈಯಿಂದ ಇಸಕೊಂಡು ಎರಡು ಸಲ ಓದಿದರು.

"ನಿನ್ನ ಜಾಗಕ್ಕೆ ಯಾರಮ್ಮ ಬರ್ತಾರೆ?"

"ಯಾರೂ ಇಲ್ಲ ಸಾರ್."

"ಹಾಗಾದ್ರೆ ಚಾರ್ಜು ಯಾರಿಗೆ ಕೊಡ್ತೀಯ? ಚಾರ್ಜು ಕೊಡದೆ ಹೋಗೋ ಹಾಗಿಲ್ಲ."

ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಮಾರನೆ ಬೆಳಿಗ್ಗೆ ಮಾತ್ರೆ ಕೊಡಲು ಹೋದರೆ ಅವರಿಗೆ ನನ್ನ ಗುರುತೇ ಇಲ್ಲ. ಕೈಯಲ್ಲಿ ಮಾತ್ರ ಅದೇ ಕಾಗದ.

"ಯಾರೋ ನರ್ಸು ಕೆಲಸ ಬಿಡ್ತೀನಿ ಅಂತ ಬರ್ದಿದಾಳೆ. ಅವಳ ಬದಲಿಗೆ ಬಂದೋಳು ನೀನೇ ತಾನೆ?"

ಹಿಂದಿನಿಂದ ನಾಲ್ಕು ಮಂಚದವರು ಒಟ್ಟಿಗೆ ಕರೆಯುತ್ತಿದ್ದರು. "ಹೌದು ಸಾರ್" ಅಂದೆ.

"ಸದ್ಯ! ಇಲ್ಲಿ ರುಜು ಹಾಕು."

ನನ್ನ ರಾಜೀನಾಮೆಯ ಕೆಳಗೇ ರುಜು ಹಾಕಿ, ನನ್ನಿಂದ ನಾನೇ ಚಾರ್ಜು ತಗೊಂಡೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಂದರು:

"ಹಳೇ ನರ್ಸು ನಮ್ಮನ್ನ ಏನೂ ನೋಡ್ಕೊಳ್ತಿರ್ಲಿಲ್ಲ ಕಣಮ್ಮ. ನೀನಾದ್ರೂ ಚೆನ್ನಾಗಿ ನೋಡ್ಕೊ."