ಪಿ.ಟಿ. ಮೇಷ್ಟ್ರ ರೇಸಿನ ಟೈರು

ಒಂದೇ ಕಾರಿನಲ್ಲಿ ಮೂವರು ಮೇಷ್ಟ್ರುಗಳು ದಿನಾ ಓಡಾಡಿದರೆ ಏನೂ ಆಗದೆ ಇರುವುದು ಕಷ್ಟ. ನಮಗಂತೂ ಏನೂ ಆಗದ ದಿನವೆಂದರೆ ಭಾನುವಾರ.

ಚಿಕ್ಕಬಳ್ಳಾಪುರದಿಂದ ಮಂಡಿಕಲ್ ಕಡೆಯ ಸರ್ಕಾರಿ ಹೈಸ್ಕೂಲಿಗೆ ನಾವು ಮೂವರು ಹೋಗಿಬರುತ್ತೇವೆ. ಕಾರು ಪಿ.ಟಿ. ಮೇಷ್ಟ್ರದು. ಅವರ ಪಕ್ಕದ ಸೀಟು ವಿಜ್ಞಾನದ ಮೇಡಂದು. ಹಿಂದಿನ ಸೀಟಿನಲ್ಲಿ ಕೂತು ಮೂವರ ಊಟದ ಡಬ್ಬಿ ಕಾಯುವ ಕೆಲಸ ಕನ್ನಡ ಮೇಷ್ಟ್ರಾದ ನನ್ನದು.

೧. ತಪ್ಪು ಟೈರಿನದು

ನಾವು ಶಾಲೆಗೆ ತಡವಾಗಿ ಹೋಗುವುದಕ್ಕೆ ಕಾರಣ ಪಿ.ಟಿ. ಮೇಷ್ಟ್ರು ಬೆಳಿಗ್ಗೆ ಏಳುವ ಹೊತ್ತು. ಇದು ಅವರ ಮನೆಯವರಿಗೆ ಗೊತ್ತು, ನಮಗೆ ಗೊತ್ತು, ಅವರ ಬೀದಿಗೆ ಹಾಲು ಹಾಕುವವನಿಗೂ ಗೊತ್ತು. ಆದರೆ ಎಚ್.ಎಂ. ಮೇಡಂ ಕೇಳಿದಾಗ ಅವರು ತಪ್ಪನ್ನು ಟೈರಿನ ಮೇಲೆ ಹಾಕಿದರು. ಟೈರು ಹಳೆಯದಾಗಿದೆ, ಗ್ರಿಪ್ ಇಲ್ಲ, ಜೋರಾಗಿ ಬಂದು ಏನಾದರೂ ಆದರೆ ಸರ್ಕಾರಕ್ಕೆ ಒಂದೇ ದಿನ ಮೂವರು ಮೇಷ್ಟ್ರು ನಷ್ಟ ಎಂದರು. ಸರ್ಕಾರ ಆ ನಷ್ಟವನ್ನು ಎಷ್ಟು ಸಲೀಸಾಗಿ ತಡೆದುಕೊಳ್ಳುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು.

ಎಚ್.ಎಂ. ಮೇಡಂ ಶಾಲೆಗೆ ಹತ್ತಿರದ ಹಳ್ಳಿಯೊಂದರ ಸೊಸೆ. ಮನೆಯ ಕೆಲಸ, ಹೊಲದ ಕೆಲಸ ಎರಡನ್ನೂ ನೋಡಿ, ಸ್ಕೂಟರ್ ಹತ್ತಿ, ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಂತಿರುವವರು. ಅವರಿಗೆ ಟೈರಿನ ಕಥೆ ಹಿಡಿಸಲಿಲ್ಲ.

"ಇನ್ನೊಂದು ಸಲ ಲೇಟಾದ್ರೆ ಈ ವರ್ಷದ ಸ್ಪೋರ್ಟ್ಸ್ ಡೇ ನಿಮಗಿಲ್ಲ. ವಿಸಲ್ಲು ಕನ್ನಡ ಮೇಷ್ಟ್ರಿಗೆ ಕೊಡ್ತೀನಿ" ಎಂದರು.

ಈ ಮಾತಿಗೆ ಇಬ್ಬರು ಬೆವರಿದೆವು. ವರ್ಷವಿಡೀ ಪಿ.ಟಿ. ಮೇಷ್ಟ್ರನ್ನು ಕೇಳುವವರಿಲ್ಲ. ಅವರ ಪೀರಿಯಡ್ಡನ್ನು ಗಣಿತದವರು ಪೋರ್ಷನ್ ಮುಗಿದಿಲ್ಲ ಎಂದು ಕಿತ್ತುಕೊಳ್ಳುತ್ತಾರೆ. ಸ್ಪೋರ್ಟ್ಸ್ ಡೇ ಒಂದು ದಿನ ಮಾತ್ರ ಬಿಳಿ ಟೋಪಿ ಹಾಕಿ ವಿಸಲ್ ಊದಿದರೆ ಇಡೀ ಶಾಲೆ ನಿಲ್ಲುತ್ತದೆ, ಓಡುತ್ತದೆ. ಆ ದಿನ ಹೋದರೆ ಮನುಷ್ಯನಿಗೆ ಉಳಿಯುವುದೇನು ಎಂದು ನನಗೂ ಪಾಪ ಅನ್ನಿಸಿತು. ನನ್ನ ಬೆವರಿಗೆ ಕಾರಣ ಬೇರೆ. ಬಸ್ಸು ಹೊರಟುಹೋಗುತ್ತಿದ್ದರೂ ಓಡದವನು ನಾನು.

ಪಿ.ಟಿ. ಮೇಷ್ಟ್ರು ಬೇಗ ಏಳಬಹುದಿತ್ತು. ಅದರ ಬದಲು ಫೋನಿನಲ್ಲಿ ತಿಂಗಳುಗಟ್ಟಲೆ ವಿಡಿಯೋ ನೋಡಿ, ಪರ್ಫಾರ್ಮೆನ್ಸ್ ಟೈರು ಹಾಕಿಸಿದರು. ಅಗಲ ಟೈರು, ಅದಕ್ಕೆ ತಕ್ಕ ದೊಡ್ಡ ಚಕ್ರ, ಪಕ್ಕದಲ್ಲಿ ಹಪ್ಪಳದಷ್ಟು ತೆಳು ರಬ್ಬರು. ಗಂಟೆಗೆ ಇನ್ನೂರ ನಲವತ್ತು ಕಿಲೋಮೀಟರ್ ವೇಗ ತಡೆಯುತ್ತದಂತೆ. ದಿನಾ ಓಡಾಡೋದಕ್ಕೆ ಇದು ಬೇಕೇ ಬೇಕಾ ಎಂದು ಕೇಳಿದೆ. ಸೇಫ್ಟಿ ವಿಚಾರದಲ್ಲಿ ಕಾಂಪ್ರಮೈಸ್ ಇಲ್ಲ ಅಂದರು. ನಮ್ಮ ರಸ್ತೆಯಲ್ಲಿ ಆ ವೇಗದಲ್ಲಿ ಹೋಗುವುದು ವರ್ಗಾವಣೆಯ ಸುದ್ದಿ ಒಂದೇ.

೨. ನಿಂಬೆಹಣ್ಣು

ಹೊಸ ಟೈರಿಗೆ ಪೂಜೆ ಆಗಬೇಕು ಎಂದು ಅವರ ಮನೆಯವರು ನಮ್ಮನ್ನೂ ಆಂಜನೇಯನ ಗುಡಿಗೆ ಕರೆಸಿದರು. ಪೂಜಾರಪ್ಪ ಮಂಗಳಾರತಿ ಎತ್ತಿ, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟರು. ಪಿ.ಟಿ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹುಳಿ ತಾಗಿದರೆ ರಬ್ಬರಿನ ಕಾಂಪೌಂಡ್ ಹಾಳಾಗುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರಂತೆ. ಹಣ್ಣನ್ನು ಒಂದು ಗೇಣು ಪಕ್ಕಕ್ಕೆ ಇಡಿ, ಸಾಂಕೇತಿಕವಾಗಿ ಆಗಲಿ ಎಂದು ಕೇಳಿಕೊಂಡರು.

ಪೂಜಾರಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಬಗ್ಗಿ ನಾಲ್ಕೂ ಹಣ್ಣನ್ನು ಪಕ್ಕಕ್ಕೆ ಸರಿಸಿಕೊಟ್ಟರು.

"ಧಾರಾಳವಾಗಿ ಹೋಗಿ ಸ್ವಾಮಿ. ಹಣ್ಣೂ ಉಳೀತದೆ, ದೃಷ್ಟಿನೂ ಉಳೀತದೆ" ಎಂದರು.

ಮೇಷ್ಟ್ರ ಹೆಂಡತಿ ಹಣ್ಣುಗಳನ್ನು ಮತ್ತೆ ಚಕ್ರದಡಿಗೆ ಇಟ್ಟರು. ಆಮೇಲೆ ಮೇಷ್ಟ್ರು ಗುಡಿಯ ನಲ್ಲಿಯಲ್ಲಿ ಟೈರು ತೊಳೆಯುತ್ತಾ ಕೂತರು. ಆವತ್ತೂ ಶಾಲೆಗೆ ತಡವಾಗುತ್ತಿತ್ತು. ಪುಣ್ಯಕ್ಕೆ ಸರ್ಕಾರಿ ರಜೆ.

೩. ಹಂಪ್ಸ್ ಬಂತು, ಇಳೀರಿ

ಟೈರು ಬಂದ ಮೇಲೆ ನಮ್ಮ ವೇಗ ಅರ್ಧಕ್ಕೆ ಇಳಿಯಿತು. ಪಕ್ಕದ ರಬ್ಬರು ತೆಳುವಾದ್ದರಿಂದ ಗುಂಡಿಗೆ ಬಿದ್ದರೆ ಚಕ್ರವೇ ಸೊಟ್ಟಗಾಗುತ್ತದಂತೆ. ಗುಂಡಿ ತಪ್ಪಿಸಬಹುದು, ಹಂಪ್ಸ್ ತಪ್ಪಿಸುವುದು ಹೇಗೆ? ನಮ್ಮ ಕಡೆ ಪ್ರತಿ ಊರಿಗೂ ಒಂದು ಹಂಪ್ಸ್ ಬೇಕು, ಇಲ್ಲದಿದ್ದರೆ ಪಕ್ಕದೂರಿನ ಮುಂದೆ ಮರ್ಯಾದೆ ಹೋಗುತ್ತದೆ.

ಮೇಷ್ಟ್ರು ಉಪಾಯ ಕಂಡುಹಿಡಿದರು. ಹಂಪ್ಸ್ ಬಂದ ಕೂಡಲೇ ನಾನೂ ವಿಜ್ಞಾನದ ಮೇಡಂ ಕೂಡ ಇಳಿಯಬೇಕು. ಖಾಲಿ ಕಾರು ಬಸುರಿ ಹೆಂಗಸಿನ ಹಾಗೆ ನಿಧಾನವಾಗಿ ದಾಟುತ್ತದೆ. ಆಚೆ ಕಡೆ ನಾವು ಮತ್ತೆ ಹತ್ತಬೇಕು. ದಾರಿಯ ಟೀ ಅಂಗಡಿಯವರು ನಮ್ಮನ್ನು ನೋಡಲೆಂದೇ ಆ ಹೊತ್ತಿಗೆ ಬೆಂಚು ಹೊರಗೆ ಹಾಕತೊಡಗಿದರು. ಪೆಟ್ರೋಲಿಗೂ ಪಾಲು ಕೊಟ್ಟು ನಡೆದುಕೊಂಡೂ ಹೋಗುವ ಭಾಗ್ಯ ಜಿಲ್ಲೆಯಲ್ಲಿ ನಮಗೆ ಮಾತ್ರ ಎಂದರು ಮೇಡಂ.

ಒಂದು ಸಲ ನಾವು ಹೀಗೆ ದಾಟುತ್ತಿದ್ದಾಗ ಹಿಂದಿನಿಂದ ಎತ್ತಿನ ಗಾಡಿಯೊಂದು ಬಂತು. ಗಾಡಿಯವನು ಸ್ವಲ್ಪ ಹೊತ್ತು ಕಾದ. ಆಮೇಲೆ ಸಂಕೋಚದಿಂದ, "ನಿಧಾನವಾಗಿ ಬನ್ನಿ ಸಾ, ನಮಗೆ ಒಸಿ ಅರ್ಜೆಂಟೈತೆ" ಎಂದು ನಮ್ಮನ್ನು ಓವರ್‌ಟೇಕ್ ಮಾಡಿದ.

೪. ಜಡತ್ವ

ಈ ಟೈರಿನ ನಿಜವಾದ ಗುಣ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗೊತ್ತಾಗುತ್ತದಂತೆ. ಚಿಕ್ಕಬಳ್ಳಾಪುರದಲ್ಲಿ ಒದ್ದೆ ರಸ್ತೆಗೆ ಕಾಯುವುದೂ ಒಂದು ತಪಸ್ಸು. ಕೊನೆಗೊಂದು ಬೆಳಿಗ್ಗೆ ನಾಲ್ಕು ಹನಿ ಬಿತ್ತು. ಮೇಷ್ಟ್ರು ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ, ನಮಗೊಂದು ಮಾತೂ ಹೇಳದೆ ಬ್ರೇಕ್ ತುಳಿದರು.

ನಿಜ ಹೇಳಬೇಕು, ಕಾರು ಜಪ್ಪಯ್ಯ ಎಂದರೂ ಮುಂದೆ ಸರಿಯದೆ ನಿಂತಿತು. ನನ್ನ ತೊಡೆಯ ಮೇಲಿದ್ದ ಡಬ್ಬಿಯ ಬಸ್ಸಾರು ನಿಲ್ಲಲಿಲ್ಲ. ಅದು ಎರಡು ಸೀಟಿನ ನಡುವೆ ಹಾದು ವಿಜ್ಞಾನದ ಮೇಡಂ ಸೀರೆಯನ್ನು ಸೇರಿತು. ಮೇಷ್ಟ್ರು ಹೆಮ್ಮೆಯಿಂದ, ಹೇಗಿದೆ ಗ್ರಿಪ್ಪು ಎಂದು ಕೇಳಿದರು.

ಮೇಡಂ ಸೆರಗಿನಿಂದ ಸೊಪ್ಪು ತೆಗೆಯುತ್ತಾ ಶಾಂತವಾಗಿ ಹೇಳಿದರು: "ಈವತ್ತು ಒಂಬತ್ತನೇ ಕ್ಲಾಸಿಗೆ ಜಡತ್ವದ ಪಾಠ ಇದೆ ಸಾರ್. ಸೀರೆ ಹಿಂಗೇ ಇರಲಿ, ನಿಮ್ಮ ಹೆಸರು ಹೇಳಿ ತೋರಿಸ್ತೀನಿ."

೫. ಚಿಂತಾಮಣಿಯ ಭಾವ

ನಾವು ಹೊಗಳದಿದ್ದರೇನು ಎಂದು ಮೇಷ್ಟ್ರು ಟೈರನ್ನು ಚಿಂತಾಮಣಿಗೆ, ಅವರ ಭಾವನ ಮನೆಗೆ ಕರೆದೊಯ್ದರು. ಭಾವ ಟೊಮೆಟೊ ವ್ಯಾಪಾರದವರು. ಅವರು ಟೈರನ್ನು ಕಾಲಲ್ಲಿ ಒದ್ದು ನೋಡಿ, ಎಷ್ಟು ಕ್ರೇಟು ತಡೆಯುತ್ತದೆ ಎಂದು ಕೇಳಿದರಂತೆ. ಇದು ಭಾರಕ್ಕಲ್ಲ ಭಾವ, ತಿರುವಿನಲ್ಲಿ ಜೋರಾಗಿ ಹೋಗೋದಕ್ಕೆ ಎಂದರಂತೆ ಮೇಷ್ಟ್ರು.

"ತಿರುವಿನಾಗೆ ಜೋರಾಗಿ ಹೋಗಿ ಏನ್ ಮಾಡ್ತೀಯಪ್ಪ? ನಿಮ್ಮ ಸ್ಕೂಲು ನೆಟ್ಟಗಿರೋ ರೋಡ್‌ನಾಗೈತೆ" ಎಂದು ಭಾವ ಒಳಗೆ ಊಟಕ್ಕೆ ಎದ್ದರಂತೆ. ಇದನ್ನು ನಮಗೆ ಹೇಳುತ್ತಾ ಮೇಷ್ಟ್ರು ಭಾವ ಒದ್ದ ಜಾಗವನ್ನು ಕರ್ಚೀಫಿನಿಂದ ಒರೆಸಿದರು.

೬. ಹುರುಳಿ ರಸ್ತೆ

ಸ್ಪೋರ್ಟ್ಸ್ ಡೇಗೆ ಒಂದು ವಾರ ಇತ್ತು. ಅಷ್ಟು ದಿನ ಹೇಗೋ ಗಂಟೆ ಹೊಡೆಯುವ ಹೊತ್ತಿಗೆ ಗೇಟು ಸೇರಿಕೊಂಡಿದ್ದೆವು. ಆವತ್ತು ಮೇಷ್ಟ್ರು ಎಂದೂ ಇಲ್ಲದ ಹಾಗೆ ಬೇಗ ಎದ್ದು ಬಂದಿದ್ದರು. ಶಾಲೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆ ಕಣ ಮಾಡುವ ಕಾಲ ಹೋಯಿತು. ಸರ್ಕಾರ ಟಾರು ಹಾಕುವುದೇ ಒಕ್ಕಣೆಗೆ ಎಂದು ಜನ ನಂಬಿದ್ದಾರೆ, ಹೋಗಿಬರುವ ವಾಹನಗಳೇ ಕಾಳು ಬಿಡಿಸಬೇಕು.

ಹೊಂಗೆ ಮರದಡಿ ಕೋಲು ಹಿಡಿದು ಕೂತಿದ್ದ ಅಜ್ಜಿಯೊಬ್ಬರು ಹೋಗು ಹೋಗು ಎಂದು ಕೈ ಬೀಸಿದರು. ಮೇಷ್ಟ್ರು ಹಲ್ಲು ಕಚ್ಚಿ ದಾಟಿಸಿದರು. ಅಜ್ಜಿ ಎದ್ದು ಬಂದು, ಬಗ್ಗಿ ಕಾಳು ನೋಡಿ, ಕೋಲು ಅಡ್ಡ ಹಿಡಿದರು.

"ಬಸ್ಸಿನೋನು ಕಾಳು ಒಡೆದು ಬೇಳೆ ಮಾಡ್ತಾನೆ. ಟ್ರ್ಯಾಕ್ಟ್ರು ಮಣ್ಣು ತುಂಬ್ತದೆ. ನಿನ್ನ ಚಕ್ರ ನೋಡು ನಾಯನಾ, ಎಷ್ಟಗಲ ಐತೆ. ಸಿಪ್ಪೆ ಬಿಡಿಸೈತೆ, ಕಾಳಿಗೆ ಪೆಟ್ಟಿಲ್ಲ. ಇಂಥಾ ಚಕ್ರ ನಾನು ಕಂಡೇ ಇಲ್ಲ."

ಆ ಟೈರನ್ನು ಕೊಂಡ ದಿನದಿಂದ ಅದನ್ನು ಹೊಗಳಿದ ಮೊದಲ ಮನುಷ್ಯರು ಆ ಅಜ್ಜಿ. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಅಜ್ಜಿ ಕೇಳುವ ಮೊದಲೇ ರಿವರ್ಸ್ ಹಾಕಿದರು. ಹೋದರು, ಬಂದರು. "ಇಂಕೊಕ್ಕಸಾರಿ ನಾಯನಾ" ಎಂದರು ಅಜ್ಜಿ, ಮಗನನ್ನು ಕರೆದ ಹಾಗೆ ತೆಲುಗಿನಲ್ಲಿ. ಇನ್ನೊಂದು ಸಲವೂ ಆಯಿತು. ನಡುವೆ ಗಾಜು ಇಳಿಸಿ ಕಾಂಪೌಂಡು, ಗ್ರಿಪ್ಪು ಎಲ್ಲ ವಿವರಿಸಿದರು. ಅಜ್ಜಿ ಜಿಲ್ಲೆಯಲ್ಲಿ ಇನ್ಯಾರೂ ಕೇಳದಷ್ಟು ಶ್ರದ್ಧೆಯಿಂದ ಕೇಳಿದರು. ನಾನೂ ಮೇಡಂ ಕೂಡ ಇಳಿದು ಮರದಡಿ ನಿಂತು ಸಾರ್ ಟೈಮಾಯ್ತು ಎಂದು ಕೂಗಿದ್ದು ಗಾಳಿಗೆ ಹೋಯಿತು. ನನ್ನ ಕತ್ತಿನಲ್ಲಿ ವಿಸಲ್ ತೂಗಾಡುವುದು ನನಗೆ ಕಾಣುತ್ತಿತ್ತು.

ನಾವು ಶಾಲೆ ಸೇರಿದಾಗ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ನಡೆಯುತ್ತಿತ್ತು. ಎಚ್.ಎಂ. ಮೇಡಂ ಗೇಟಿನಲ್ಲಿ ಕೈ ಚಾಚಿ ನಿಂತಿದ್ದರು. ಮೇಷ್ಟ್ರು ಕತ್ತಿನಿಂದ ವಿಸಲ್ ತೆಗೆದು ಕೊಟ್ಟರು. ಅದು ಅಲ್ಲಿಂದ ಸೀದಾ ನನ್ನ ಕೈಗೆ ಬಂತು. ಆ ದೊಡ್ಡ ಆಳು ಮಗುವಿನ ಹಾಗೆ ನಿಂತಿದ್ದನ್ನು ನೋಡಲಾಗದೆ ನಾನೇ ಬಾಯಿಬಿಟ್ಟೆ. ಹೊಂಗೆ ಮರದ ಹತ್ತಿರ ಅಜ್ಜಿಯೊಬ್ಬರು ಹುರುಳಿ ತುಳಿಸಿಕೊಂಡರು, ಬಿಡಲಿಲ್ಲ ಎಂದೆ.

ಯಾವ ಹೊಂಗೆ ಮರ ಎಂದು ಕೇಳಿದರು ಎಚ್.ಎಂ. ಮೇಡಂ. ಹೇಳಿದೆ. ಅವರು ಕಾರಿನ ಹತ್ತಿರ ಹೋಗಿ, ಟೈರಿಗೆ ಸಿಕ್ಕಿಕೊಂಡಿದ್ದ ಹುರುಳಿ ಕಾಯಿ ಕಿತ್ತು, ಅಂಗೈಯಲ್ಲಿ ಉಜ್ಜಿ ಊದಿ ಕಾಳು ನೋಡಿದರು. ಆಮೇಲೆ ದೂರ ಹೋಗಿ ಯಾರಿಗೋ ಫೋನ್ ಮಾಡಿ ಬಹಳ ವಿನಯದಿಂದ ಹೂಂ, ಹೂಂ ಎಂದರು. ವಾಪಸ್ ಬಂದು ನನ್ನ ಕೈಯಿಂದ ವಿಸಲ್ ಕಿತ್ತು ಪಿ.ಟಿ. ಮೇಷ್ಟ್ರ ಕತ್ತಿಗೆ ತಾವೇ ಹಾಕಿದರು.

"ಸ್ಪೋರ್ಟ್ಸ್ ಡೇ ನೀವೇ ನೋಡ್ಕೊಳ್ಳಿ. ಹುರುಳಿ ಮುಗೀತಂತೆ, ನಾಳೆ ರಾಗಿ ಹಾಸ್ತಾರಂತೆ. ಆರೂವರೆಗೆ ಕಾರು ಅಲ್ಲಿರಬೇಕು" ಎಂದರು. ಹೋಗುತ್ತಿದ್ದವರು ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು: "ಲೇಟ್ ಮಾತ್ರ ಮಾಡ್ಬೇಡಿ ಸಾರ್. ನಮ್ಮತ್ತೆ ನನ್ನ ಹಾಗೆ ಸುಮ್ಮನಿರೋರಲ್ಲ."